ಪಾಕದವನ ಕಣ್ಣು

ನನ್ನ ಕನ್ನಡಕ ಕುದಿಯುವ ಬೆಲ್ಲದ ಪಾಕಕ್ಕೆ ಬಿದ್ದ ದಿನ ಎರಡನೇ ಕೊಪ್ಪರಿಗೆ ಇನ್ನೇನು ಇಳಿಸುವ ಹದಕ್ಕೆ ಬಂದಿತ್ತು. ಆವಿಗೆ ಗಾಜು ಮಂಜಾಗಿತ್ತು. ಎಂದಿನಂತೆ ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿಕೊಳ್ಳಲು ಕೈ ಎತ್ತಿದೆ. ಬೆವರಿಗೆ ಮೂಗೆಲ್ಲ ಜಾರುತ್ತಿತ್ತು. ಟವೆಲ್ ತಾಗಿದ್ದೇ ತಡ, ಕನ್ನಡಕ ಹಾರಿ ಪಾಕದೊಳಗೆ ಬಿತ್ತು. ಬುದ್ಧಿ ಇದ್ದವನಾಗಿದ್ದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದೆ. ನಾನು ಅದನ್ನು ಹಿಡಿಯುವುದಕ್ಕೆಂದು ಮುಂದಕ್ಕೆ ಬಾಗಿದೆ. ಕನ್ನಡಕ ಇಲ್ಲದಿದ್ದರೆ ನನಗೆ ಕೊಪ್ಪರಿಗೆಯ ಅಂಚು ಯಾವುದು, ನೆಲ ಯಾವುದು ಎನ್ನುವುದೇ ತಿಳಿಯುತ್ತಿರಲಿಲ್ಲ. ಒಲೆಗೆ ಕಬ್ಬಿನ ಸಿಪ್ಪೆ ಹಾಕುವ ಸಿದ್ದಣ್ಣ ಹಿಂದಿನಿಂದ ನನ್ನ ಅಂಗಿ ಹಿಡಿದು ಎಳೆದ. ಇಬ್ಬರೂ ಸಿಪ್ಪೆಯ ರಾಶಿಯ ಮೇಲೆ ಬಿದ್ದೆವು.

"ಸತ್ತೋಗ್ಬುಡ್ತಿದ್ದಲ್ಲಪ್ಪ" ಎಂದ ಸಿದ್ದಣ್ಣ.

ಗಾಜು ಬಿದ್ದ ಪಾಕವನ್ನು ಯಾರ ಬಾಯಿಗೂ ಕೊಡುವ ಹಾಗಿಲ್ಲ. ಅಷ್ಟನ್ನೂ ತಿಪ್ಪೆಗೆ ಸುರಿಸಿದ್ದಾಯಿತು. ಅಪ್ಪ ಬಂದು ನನ್ನ ಕೈಕಾಲು ಎಲ್ಲ ಮುಟ್ಟಿ ನೋಡಿ, "ಕನ್ನಡ್ಕ ಓದ್ರೆ ಇನ್ನೊಂದ್ ಬತ್ತದೆ. ಬಾಗ್ತಾರೇನ್ಲಾ ಯಾರಾದ್ರೂ?" ಎಂದು ಬೈದು ಹೊರಗೆ ಹೋಗಿ ಕೂತ.

ಕನ್ನಡಕ ಬಿಡಿಸುವ ಕಣ್ಣಿನ ಲೇಸರ್ ಬಗ್ಗೆ ಯಾರಾದರೂ ಕೇಳಿದರೆ ನಾನು ಈಗಲೂ ಶುರು ಮಾಡುವುದು ಇಲ್ಲಿಂದಲೇ. ದಪ್ಪ ಕನ್ನಡಕದವರು, ದಪ್ಪ ಕನ್ನಡಕ ಬಂದ ಮಕ್ಕಳ ತಾಯಂದಿರು ನನ್ನ ನಂಬರು ಹುಡುಕಿಕೊಂಡು ಫೋನ್ ಮಾಡುತ್ತಾರೆ. "ನೋವಾಯ್ತದಾ?" ಎನ್ನುವುದೇ ಎಲ್ಲರ ಮೊದಲ ಪ್ರಶ್ನೆ. ನೋವು ಅಷ್ಟೇನೂ ಇಲ್ಲ. ಹೆದರಿಕೆ ಮಾತ್ರ ಇದ್ದೇ ಇರುತ್ತದೆ, ನನಗೂ ಇತ್ತು, ಬೇಕಾದಷ್ಟಿತ್ತು. ಅದನ್ನು ಮುಚ್ಚಿಡದೆ ಹೇಳಿಬಿಟ್ಟರೆ ಕೇಳುವವರಿಗೆ ಸ್ವಲ್ಪ ಹಗುರಾಗುತ್ತದೆ ಎನ್ನುವುದನ್ನು ಫೋನಿನಲ್ಲಿ ಕಂಡುಕೊಂಡಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಮದ್ದೂರು ತಾಲ್ಲೂಕು, ಕೊಪ್ಪದ ಪಕ್ಕದ ಹಳ್ಳಿ. ಅಪ್ಪ ಕಟ್ಟಿದ ಆಲೆಮನೆ ನಮ್ಮದು. ಕಬ್ಬು ಅರೆಯುವುದು, ಒಲೆ ಉರಿಸುವುದು, ಅಚ್ಚಿಗೆ ಹೊಯ್ಯುವುದು, ಇದನ್ನೆಲ್ಲ ಯಾರು ಬೇಕಾದರೂ ಕಲಿಯಬಹುದು. ಪಾಕ ನೋಡುವವನು ಮಾತ್ರ ಒಬ್ಬನೇ ಇರುತ್ತಾನೆ. ಕುದಿಯುವ ಕಬ್ಬಿನ ಹಾಲನ್ನು ಒಲೆಯಿಂದ ಒಂದು ನಿಮಿಷ ಮೊದಲೇ ಇಳಿಸಿದರೆ ಬೆಲ್ಲ ಗಟ್ಟಿಯಾಗುವುದಿಲ್ಲ, ಒಂದು ನಿಮಿಷ ತಡವಾದರೆ ಕರಿದಾಗುತ್ತದೆ. ಅಪ್ಪನಿಗೆ ಕೈ ನಡುಗಲು ಶುರುವಾದ ಮೇಲೆ, ಹದಿನೆಂಟು ವರ್ಷದಿಂದ, ಆ ಕೆಲಸ ನನ್ನದು. ಕೊಪ್ಪರಿಗೆಯ ಈ ಕಡೆ ನಾನು, ಆ ಕಡೆ ಅಪ್ಪ. "ಪಾಕ ಅನ್ನೋದು ಕಣ್ಣಿನ್ ಕೆಲ್ಸ" ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಅಂಥ ಕೆಲಸಕ್ಕೆ ಅವನಿಗೆ ಸಿಕ್ಕಿದ್ದು ಮೂರನೇ ಕ್ಲಾಸಿನಲ್ಲೇ ಕನ್ನಡಕ ಹಾಕಿಸಿಕೊಂಡ ಮಗ.

ಹೈಸ್ಕೂಲಿಗೆ ಬರುವ ಹೊತ್ತಿಗೆ ಊರಿನವರು ನನ್ನ ಹೆಸರನ್ನೇ ಮರೆತು ಸೋಡಾಬುಡ್ಡಿ ಎನ್ನುತ್ತಿದ್ದರು. ಮದುವೆಯ ಹೊತ್ತಿಗೆ ಎರಡೂ ಕಣ್ಣು ಮೈನಸ್ ಎಂಟೂವರೆಗೆ ಬಂದು ನಿಂತಿದ್ದವು. ಬೆಳಿಗ್ಗೆ ಎದ್ದ ತಕ್ಷಣ ನಾನು ಮಾಡುತ್ತಿದ್ದ ಮೊದಲ ಕೆಲಸ ಕಿಟಕಿಯ ಮೇಲೆ ಕೈಯಾಡಿಸುವುದು. ಕನ್ನಡಕ ಒಂದು ಗೇಣು ಆಚೆ ಇದ್ದರೂ ಮನೆಯವರಿಗೆಲ್ಲ ಬೈಗುಳ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಕನ್ನಡಕವೂ ಅಲ್ಲೇ ಇರುತ್ತಿತ್ತು, ಎರಡನ್ನೂ ಸಹಿಸಿಕೊಂಡವಳು ನನ್ನ ಹೆಂಡತಿ ಸವಿತ.

ಕೊಪ್ಪರಿಗೆಯ ಸಂಗತಿ ಕೇಳಿದ ಸವಿತ ಅಳಲಿಲ್ಲ. ನನ್ನ ಹಳೆಯ ಕನ್ನಡಕ ಹುಡುಕಿ ತಂದುಕೊಟ್ಟು, "ನಾಳಿಕೆ ಮಂಡ್ಯಕ್ಕೆ ಓಗ್ತಿದೀವಿ. ಕಣ್ಣಾಸ್ಪತ್ರೇಲಿ ಲೇಸರ್ ಮಾಡ್ತರಂತೆ. ನಂಗೆ ಕನ್ನಡ್ಕ ಇಲ್ದಿರೋ ಗಂಡ ಬೇಕು ಅಂತಲ್ಲ, ಗಂಡ ಬೇಕು" ಎಂದಳು.

ಮಂಡ್ಯದ ಆ ಆಸ್ಪತ್ರೆಯಲ್ಲಿ ಮೊದಲ ದಿನ ನಾಲ್ಕು ಗಂಟೆ ಕಾಯಿಸಿದರು. ಒಂದಾದ ಮೇಲೊಂದು ಯಂತ್ರದ ಮುಂದೆ ಗಲ್ಲ ಇಡಿಸಿದರು. ಕೊನೆಗೆ ಕಣ್ಣಿನ ಪಾಪೆ ಹಿಗ್ಗಿಸುವ ಹನಿ ಹಾಕಿ, ಕಣ್ಣು ಮುಚ್ಚಿಕೊಂಡು ಕೂತಿರಿ ಎಂದರು. ಗೋಡೆಯ ಪಕ್ಕ ಸಾಲಾಗಿ ಹತ್ತು ಹನ್ನೆರಡು ಜನ ಹಾಗೇ ಕಣ್ಣು ಮುಚ್ಚಿ ಕೂತಿದ್ದೆವು. ಸವಿತ ಚೀಟಿ ಮಾಡಿಸಲು ಹೋಗಿದ್ದಳು. ನನ್ನ ಬಲಗಡೆಯಿಂದ ಒಂದು ಮುದುಕಿಯ ದನಿ ಬಂತು.

"ಬೆಲ್ಲ ಮಾಡೋರಾ ಮಗ?"

ನನಗೆ ಆಶ್ಚರ್ಯವಾಯಿತು. "ಊಂ ಕಣವ್ವ. ಎಂಗ್ ಗೊತ್ತಾಯ್ತು?"

"ವಾಸ್ನೆ ಬತ್ತಾ ಅದೆ."

ಬೆಳಿಗ್ಗೆ ಎರಡು ಸಲ ಸೋಪು ಹಚ್ಚಿ ಸ್ನಾನ ಮಾಡಿ ಹೊರಟಿದ್ದೆ. ಅವರು ಮಳವಳ್ಳಿ ಕಡೆಯವರು, ಪೊರೆ ತೆಗೆಸಿಕೊಳ್ಳಲು ಬಂದಿದ್ದರು. ಇಬ್ಬರೂ ಕಣ್ಣು ಮುಚ್ಚಿಕೊಂಡೇ ಮಳೆ, ಬೆಳೆ, ಸೊಸೆಯ ಅಡುಗೆ ಎಲ್ಲ ಮಾತಾಡಿದೆವು. ನನ್ನನ್ನು ಒಳಗೆ ಕರೆದಾಗ, "ಓಗ್ಬಾ, ಏನಂದ್ರು ಅಂತ ಏಳು" ಎಂದರು.

ಡಾಕ್ಟರ್ ನಲವತ್ತೈದರ ಆಸುಪಾಸಿನ ಹೆಂಗಸು. ಮಾತು ಕಡಿಮೆ. ನನ್ನ ಕಣ್ಣಿಗೆ ಬೆಳಕು ಬಿಟ್ಟು, ಮೇಲೆ ನೋಡಿ, ಕೆಳಗೆ ನೋಡಿ, ಎಡಕ್ಕೆ ನೋಡಿ ಎನ್ನುತ್ತಿದ್ದವರು ಒಂದು ಕಡೆ ನಿಂತುಬಿಟ್ಟರು. ನಿಂತದ್ದು ನನಗೆ ಗೊತ್ತಾಯಿತು.

"ಕನ್ನಡಕದ ನಂಬರ್ ತೆಗೆಯೋದು ಆಮೇಲೆ ಮಾತಾಡೋಣ" ಎಂದರು. "ಎಡಗಣ್ಣಿನ ಹಿಂದಿನ ಪರದೆ ಒಂದು ಕಡೆ ತೆಳ್ಳಗಾಗಿದೆ. ಅಲ್ಲೊಂದು ಸಣ್ಣ ತೂತಿದೆ. ಅದು ದೊಡ್ಡದಾದರೆ ಪರದೆ ಕಳಚಿಕೊಂಡು ಕಣ್ಣೇ ಹೋಗಬಹುದು. ಮೊದಲು ತೂತಿನ ಸುತ್ತ ಲೇಸರ್ ಹಾಕಿ ಭದ್ರ ಮಾಡ್ತೀನಿ. ಅದು ಬೇರೆ ಲೇಸರ್. ಅದು ಗಟ್ಟಿಯಾದ ಮೇಲೆ ನಂಬರಿನ ಲೇಸರ್."

"ಕಣ್ಣೇ ಹೋಗಬಹುದು" ಎನ್ನುವಷ್ಟೇ ಕೇಳಿಸಿತು ನನಗೆ. ಬೆಳಕಿಗೆ ಕಣ್ಣು ಬಿಡಲಾಗದೆ ಗೋಡೆ ತಡವುತ್ತಾ ಹೊರಗೆ ಬಂದು ಮೊದಲಿನ ಜಾಗದಲ್ಲೇ ಕಣ್ಣು ಮುಚ್ಚಿ ಕೂತೆ. ಮುದುಕಿ ನನ್ನ ಮೊಣಕೈ ಹುಡುಕಿ ಹಿಡಿದುಕೊಂಡರು. "ಏನಂದ್ರಪ್ಪ?"

"ಕಣ್ಣಲ್ಲಿ ತೂತದಂತೆ ಕಣವ್ವ."

"ತೂತ್ ಕಾಣಿಸ್ತಲ್ಲ ಅವ್ರಿಗೆ. ಕಂಡ್ ಮ್ಯಾಲೆ ಮುಚ್ತರೆ ಬುಡು. ಕಾಣ್ದೆ ಓಗಿದ್ರೆ ಏನ್ ಮಾಡ್ತಿದ್ದೆ?"

ಅಷ್ಟರಲ್ಲಿ ಅವರನ್ನು ಕರೆದರು. ನಾನು ಕಣ್ಣು ಬಿಡುವ ಹೊತ್ತಿಗೆ ಹೋಗಿಯಾಗಿತ್ತು. ಅವರ ಮುಖ ಹೇಗಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಆ ಮಾತು ನನ್ನನ್ನು ಬಸ್ಸಿನಲ್ಲಿ ಮದ್ದೂರಿನವರೆಗೂ ಹಿಡಿದು ಕೂರಿಸಿತು. ಕನ್ನಡಕ ಬೀಳದೆ ಇದ್ದಿದ್ದರೆ ನಾನು ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಹತ್ತದಿದ್ದರೆ ಆ ತೂತು ಯಾರಿಗೂ ಕಾಣುತ್ತಿರಲಿಲ್ಲ. ಮೈನಸ್ ಆರು ದಾಟಿದವರೆಲ್ಲ, ಲೇಸರ್ ಮಾಡಿಸಿಕೊಳ್ಳಲಿ ಬಿಡಲಿ, ಕಣ್ಣಿನ ಹಿಂದಿನ ಪರದೆ ಒಂದು ಸಲ ತೋರಿಸಿಕೊಳ್ಳಿ ಎಂದು ನಾನು ಎಲ್ಲರ ಕೈಕಾಲು ಹಿಡಿಯುವುದು ಇದಕ್ಕೇ.

ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಊಟ ಮುಗಿಸಿ ಕೈ ತೊಳೆದು ಬಂದ ಮೇಲೆ ಕೇಳಿದ: "ಲೇಸರು ಅಂದ್ರೆ ಬೆಂಕಿ ತಾನೆ?"

"ಬೆಳಕು ಕಣಪ್ಪ."

"ಸುಡ್ತದೋ ಇಲ್ವೋ?"

"ಸುಡ್ತದೆ."

"ಅಂಗಾರೆ ಬೆಂಕಿನೇ. ಒಲೆ ಮುಂದೆ ಇಷ್ಟೊರ್ಸ ನಿಂತು ಕಣ್ಣಿಗೆ ಬೆಂಕಿ ಬೀಳ್ದಂಗ್ ಕಾಪಾಡ್ಕೊಂಡಿದ್ದೆ. ಈಗ ನೀನೇ ಓಗಿ ಬುಡುಸ್ಕೊತೀಯಾ?"

ಕಣ್ಣು ಹೋದರೆ ಪಾಕ ಹೋಯಿತು, ಪಾಕ ಹೋದರೆ ಈ ಆಲೆಮನೆಗೆ ನಾನು ಯಾರು? ಅಪ್ಪ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ನನಗೂ ಅದೇ ಯೋಚನೆ. ಅವ್ವ ಮಾತ್ರ ಮುತ್ತತ್ತಿಯ ದೇವರು ಮುತ್ತೆತ್ತಿರಾಯನಿಗೆ ಹರಕೆ ಕಟ್ಟಿಕೊಂಡು, ಮಗ ಕಣ್ಣು ಸರಿ ಮಾಡಿಸಿಕೊಂಡು ಬಂದರೆ ಕಾವೇರಿಯಲ್ಲಿ ಮುಳುಗಿಸುತ್ತೇನೆ ಎಂದು ಹೇಳಿ ನಿಶ್ಚಿಂತೆಯಾಗಿದ್ದಳು. ಊರಿನವರ ಲೆಕ್ಕದಲ್ಲಿ ಕಣ್ಣಿನ ಆಪರೇಷನ್ ಎಂದರೆ ಪೊರೆ ತೆಗೆಯುವುದು ಒಂದೇ. "ಈ ವಯಸ್ಸಿಗೇ ಪೊರೆ ಬಂದ್ಬುಡ್ತಾ?" ಎಂದು ಮರುಗಿದರು. ಇಬ್ಬರು ನಂದಿಬಟ್ಟಲ ಹೂವನ್ನು ಕಣ್ಣ ಮೇಲೆ ಇಟ್ಟುಕೊಂಡು ಮಲಗು ಎಂದು ಕೊಯ್ದು ತಂದುಕೊಟ್ಟರು. ಸವಿತ ಹೂವನ್ನು ದೇವರಿಗೆ ಇಟ್ಟಳು.

ತೂತಿನ ಲೇಸರ್ ಹತ್ತು ನಿಮಿಷದ ಕೆಲಸ. ಕಣ್ಣಿನೊಳಗೆ ಯಾರೋ ಹಸಿರು ಟಾರ್ಚನ್ನು ಪಟಪಟ ಹೊತ್ತಿಸಿ ಆರಿಸಿದಂತೆ, ಅಷ್ಟೆ. ಎರಡು ತಿಂಗಳು ಬಿಟ್ಟು ಮತ್ತೆ ನೋಡಿ, ಭದ್ರವಾಗಿದೆ ಎಂದರು. ನಂಬರಿನ ಲೇಸರಿಗೆ ದಿನ ಕೊಟ್ಟರು. ಅವತ್ತು ಡಾಕ್ಟರ್ ನನ್ನನ್ನೂ ಸವಿತಳನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು: ಕಣ್ಣಿನ ಮುಂದಿನ ಪದರವನ್ನು ಮುಚ್ಚಳದ ಹಾಗೆ ತೆಳ್ಳಗೆ ಎತ್ತುತ್ತಾರೆ, ಒಳಗೆ ಲೇಸರ್ ಹಾಕುತ್ತಾರೆ, ಮುಚ್ಚಳ ಮುಚ್ಚುತ್ತಾರೆ. ಹೊಲಿಗೆ ಇಲ್ಲ, ತಾನಾಗಿಯೇ ಅಂಟಿಕೊಳ್ಳಬೇಕು. "ಒಂದು ತಿಂಗಳು ಕಣ್ಣು ಉಜ್ಜಬಾರದು. ಹೊಗೆ, ಆವಿ, ಧೂಳು ಬೇಡ. ಹೊಳೆ ನೀರು ಬೇಡ. ಮತ್ತೆ ಒಂದು ವಿಷಯ ತಿಳಿದಿರಲಿ, ನಂಬರ್ ಹೋದರೂ ನಿಮ್ಮ ಕಣ್ಣು ಒಳಗಡೆ ಮೈನಸ್ ಕಣ್ಣೇ. ವರ್ಷಕ್ಕೊಂದು ಸಲ ಪರದೆ ತೋರಿಸಿಕೊಳ್ತಾ ಇರಬೇಕು."

ಸವಿತ ಎಲ್ಲವನ್ನೂ ಚೀಟಿಯ ಹಿಂದೆ ಬರೆದುಕೊಂಡಳು. ನಾನು ತಲೆಯಾಡಿಸಿದೆ. ನನಗೆ ತಲೆಯಾಡಿಸುವುದು ಚೆನ್ನಾಗಿ ಬರುತ್ತದೆ.

ಆಪರೇಷನ್ ಮೇಜಿನ ಮೇಲೆ ನಾನು ಧೈರ್ಯವಾಗಿದ್ದೆ ಎಂದು ಸುಳ್ಳು ಹೇಳುವುದಿಲ್ಲ. ರೆಪ್ಪೆ ಮುಚ್ಚದ ಹಾಗೆ ಒಂದು ಕ್ಲಿಪ್ಪು ಹಾಕುತ್ತಾರೆ. ಕಣ್ಣನ್ನು ಮೇಲಿನಿಂದ ಏನೋ ಒತ್ತಿದ ಹಾಗಾಗಿ ಕೆಲವು ಕ್ಷಣ ಪೂರ್ತಿ ಕತ್ತಲಾಗುತ್ತದೆ. ಹೀಗಾಗುತ್ತದೆ ಎಂದು ಮೊದಲೇ ಹೇಳಿದ್ದರು. ಆದರೂ ಆ ಕತ್ತಲೆಯಲ್ಲಿ ನನ್ನ ಜೀವ ಬಾಯಿಗೆ ಬಂತು. ನರ್ಸಮ್ಮನೊಬ್ಬರು ನನ್ನ ಕೈ ಹಿಡಿದುಕೊಂಡಿದ್ದರು. ನಾನು ಅವರ ಬೆರಳು ಎಷ್ಟು ಹಿಚುಕಿದೆನೋ, ಅವರು ಬಿಡಿಸಿಕೊಳ್ಳಲಿಲ್ಲ. ಆಮೇಲೆ ಯಂತ್ರ ಟಕಟಕ ಎಂದಿತು. ಕೂದಲು ಸುಟ್ಟಂಥ ವಾಸನೆ ಬಂತು. ಒಲೆಯ ಮುಂದೆ ಎಷ್ಟೋ ಸಲ ಹುಬ್ಬು ಸುಟ್ಟುಕೊಂಡವನಾದ್ದರಿಂದ ಆ ವಾಸನೆ ನನಗೆ ಹೊಸದಲ್ಲ. ಒಂದು ಕಣ್ಣು ಮುಗಿಯಿತು, ಇನ್ನೊಂದು ಮುಗಿಯಿತು, ಏಳಿ ಎಂದರು.

ಸಂಜೆ ಕಣ್ಣಿಗೆ ಮೂಟೆ ಈರುಳ್ಳಿ ಹೆಚ್ಚಿದಷ್ಟು ಉರಿ. ಹೊಗೆಯಿಂದ ದೂರ ಇರಲಿ ಎಂದು ಸವಿತ ನನ್ನನ್ನು ಮಳವಳ್ಳಿಯ ತನ್ನ ತವರಿಗೆ ಕರೆದುಕೊಂಡು ಹೋದಳು. ಕಣ್ಣಿಗೆ ಪ್ಲಾಸ್ಟಿಕ್ ಬಟ್ಟಲು ಅಂಟಿಸಿಕೊಂಡು ಮಲಗಿದವನು ಬೆಳಿಗ್ಗೆ ಎದ್ದು, ಅದನ್ನು ಬಿಚ್ಚಿ, ಎಂದಿನಂತೆ ಕಿಟಕಿಯ ಮೇಲೆ ಕೈಯಾಡಿಸಿದೆ. ಕನ್ನಡಕ ಸಿಗಲಿಲ್ಲ. ಯಾರು ತೆಗೆದಿಟ್ಟರು ಎಂದು ಬೈಯಲು ಬಾಯಿ ತೆರೆದೆ. ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಸವಿತ ಕಾಣಿಸಿದಳು. ಅವಳ ನೈಟಿಯ ಮೇಲಿನ ಸಣ್ಣ ಹೂವು ಕಾಣಿಸಿತು, ಅವಳು ನಗುತ್ತಿರುವುದು ಕಾಣಿಸಿತು.

ಸ್ನಾನ ಕತ್ತಿನ ಕೆಳಗೆ ಮಾತ್ರ. ಬಚ್ಚಲಿಗೆ ಕನ್ನಡಕ ಹಾಕಿಕೊಂಡು ಯಾರೂ ಹೋಗುವುದಿಲ್ಲವಲ್ಲ, ಹಾಗಾಗಿ ಮೂರನೇ ಕ್ಲಾಸಿನಿಂದ ಇಲ್ಲಿಯವರೆಗೆ ನಾನು ಸ್ನಾನ ಮಾಡುವಾಗ ನನ್ನ ಪಾದ ನೋಡಿರಲಿಲ್ಲ. ಅವತ್ತು ಮಣೆಯ ಮೇಲೆ ಕೂತು ತಲೆ ಬಗ್ಗಿಸಿದರೆ ಹತ್ತು ಬೆರಳೂ ಕಂಡವು. ಮೂವತ್ತಾರು ವರ್ಷದ ಗಂಡಸು ಬಚ್ಚಲಲ್ಲಿ ಕೂತು ಕಾಲು ನೋಡಿಕೊಂಡು ಅತ್ತೆ. ಅಳಬಹುದೋ ಇಲ್ಲವೋ ಎಂದು ಡಾಕ್ಟರನ್ನು ಕೇಳುವುದು ಮರೆತಿತ್ತು.

ಎಂಟನೇ ದಿನ ಅವ್ವ ಮಳವಳ್ಳಿಗೆ ಬಂದು ಹರಕೆ ತೀರಿಸಲು ಹೊರಡು ಎಂದಳು. ಹೊಳೆ ನೀರು ಕೂಡದು ಎಂದು ಸವಿತ ಚೀಟಿ ತೋರಿಸಿದಳು. ಅವ್ವನಿಗೆ ಓದು ಬರುವುದಿಲ್ಲ, ಆದರೂ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ದೇವ್ರುಗೆ ಏಳ್ಕೊಂಡೋಳು ನಾನು. ನಾನೇ ಮುಳುಗ್ತೀನಿ ಬುಡು" ಎಂದಳು. ಮುತ್ತತ್ತಿಯಲ್ಲಿ ನನ್ನನ್ನು ನೆರಳಲ್ಲಿ ಕೂರಿಸಿ, ದಡದ ನೀರಲ್ಲಿ ಎರಡು ಸಲ ಮುಳುಗಿ ಎದ್ದಳು, ಕಣ್ಣಿಗೊಂದರಂತೆ. ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ ನನಗೆ ಆಚೆ ದಡದ ಬಂಡೆಯ ಮೇಲೆ ಕೂತಿದ್ದ ಬೆಳ್ಳಕ್ಕಿ ಕಾಣುತ್ತಿತ್ತು. ಆ ಹೊತ್ತಿನಲ್ಲಿ ನನಗಿಂತ ಸುಖವಾಗಿದ್ದವನು ತಾಲ್ಲೂಕಿನಲ್ಲಿ ಇನ್ನೊಬ್ಬ ಇರಲಿಲ್ಲ ಎಂದೇ ನನ್ನ ನಂಬಿಕೆ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಮಾಡಿದ್ದನ್ನು ಹೇಳಬೇಕು.

ಹನ್ನೊಂದನೇ ದಿನ ಊರಿಗೆ ಬಂದೆವು. ನನ್ನ ಬದಲು ಅಪ್ಪನೇ ನಡುಗುವ ಕೈಯಲ್ಲಿ ಪಾಕ ನೋಡುತ್ತಿದ್ದ. ಹಿಂದಿನ ದಿನ ಒಂದು ಕೊಪ್ಪರಿಗೆ ಕೈಕೊಟ್ಟಿತ್ತಂತೆ. ನಾನು ಬಂದಿದ್ದು ಗೊತ್ತಾಗಿ ಆಲೆಮನೆಯಿಂದಲೇ ಫೋನ್ ಮಾಡಿದ. "ವಸಿ ಬಂದು ನೋಡ್ಬುಟ್ಟು ಓಗ್ಲಾ. ದೂರ್ದಲ್ಲೇ ನಿಂತ್ಕೊ." ಸವಿತ ಪಕ್ಕದ ಮನೆಗೆ ಹೋಗಿದ್ದಳು. ಅವಳು ಬರುವುದರೊಳಗೆ ಬಂದುಬಿಡೋಣ ಎಂದು ಹೊರಟೆ.

ದೂರದಲ್ಲೇ ನಿಂತೆ. ಆಮೇಲೆ ಒಂದು ಹೆಜ್ಜೆ ಮುಂದೆ ಹೋದೆ. ಒಳಗೆ ಮಬ್ಬು, ಕಪ್ಪು ಕನ್ನಡಕದಲ್ಲಿ ಏನೂ ಕಾಣದು ಎಂದು ತೆಗೆದು ಜೇಬಿಗೆ ಹಾಕಿದೆ. ಇನ್ನೊಂದು ಹೆಜ್ಜೆ ಹೋದೆ. ಸಿದ್ದಣ್ಣ ಉದ್ದನೆಯ ಮರದ ಹುಟ್ಟು ಹಾಕಿ ಪಾಕ ತಿರುವಿದ. ಬಿಸಿ ಆವಿ ನೇರ ನನ್ನ ಮುಖಕ್ಕೆ ಬಡಿದು ಕಣ್ಣ ಮುಂದೆ ಎಲ್ಲ ಬಿಳಿ ಮಂಜಾಯಿತು. ಹದಿನೆಂಟು ವರ್ಷದಿಂದ ಆ ಜಾಗದಲ್ಲಿ ಮಂಜಾಯಿತೆಂದರೆ ನನ್ನ ಕೈ ನನ್ನನ್ನು ಕೇಳುವುದಿಲ್ಲ. ಟವೆಲ್ ತೆಗೆದುಕೊಂಡಿತು, ಕನ್ನಡಕದ ಗಾಜು ಒರೆಸುವ ಹಾಗೆ ಗಸಗಸ ಒರೆಸಿತು. ಅಲ್ಲಿ ಗಾಜಿರಲಿಲ್ಲ, ನನ್ನ ಎಡಗಣ್ಣಿತ್ತು.

ಚುಚ್ಚಿದಂತಾಯಿತು. ನೀರು ಧಾರೆ ಸುರಿಯಿತು. ಅಪ್ಪ ಆ ಕಡೆಯಿಂದ "ಏನಾಯ್ತ್ಲಾ?" ಎಂದ. "ಒಗೆ ಕಣಪ್ಪ" ಎಂದು ಹೇಳಿ ಮನೆಗೆ ಬಂದೆ. ಸವಿತಳಿಗೆ ಧೂಳು ಎಂದೆ. ಬಲಗಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ನೋಡಿದರೆ, ಬೆಳಿಗ್ಗೆ ಚೊಕ್ಕವಾಗಿ ಕಂಡಿದ್ದ ತಾರೀಖುಗಳು ನೀರಿನೊಳಗೆ ಅಲ್ಲಾಡಿದಂತೆ ಕಾಣುತ್ತಿದ್ದವು. ಸಂಜೆಯವರೆಗೂ ಹಾಗೇ ಒಂದು ಕಣ್ಣು ಮುಚ್ಚುವುದು, ತೆರೆಯುವುದು ಮಾಡುತ್ತಿದ್ದೆ. ಸವಿತ ಬಾಗಿಲಲ್ಲಿ ನಿಂತು ನೋಡುತ್ತಿದ್ದುದು ನನಗೆ ಗೊತ್ತಾಗಲಿಲ್ಲ.

"ಉಜ್ಜಿದ್ರಾ?" ಎಂದಳು.

ಹೌದೆಂದೆ. ಎಲ್ಲಿ, ಹೇಗೆ ಎಂದೂ ಹೇಳಿದೆ. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಅಡುಗೆಮನೆಯ ಒಲೆಯ ಮುಂದೆ ಹೋಗಿ ಕೂತು ಸೆರಗಲ್ಲಿ ಮುಖ ಮುಚ್ಚಿಕೊಂಡಳು.

ಬೆಳಿಗ್ಗೆ ಮೊದಲ ಬಸ್ಸಿಗೆ ನಿಂತಿದ್ದಾಗ ಅಪ್ಪ ಬಿಳಿ ಪಂಚೆ ಉಟ್ಟು ಬಂದ. ಸವಿತ ಅವನಿಗೆ ಎಲ್ಲ ಹೇಳಿದ್ದಳು. ಕಬ್ಬು ಅರೆಯುವ ಕಾಲದಲ್ಲಿ ಅವನು ಆಲೆಮನೆ ಬಿಟ್ಟು ಪೇಟೆಗೆ ಬಂದದ್ದನ್ನು ನಾನು ನೋಡಿಯೇ ಇರಲಿಲ್ಲ. "ಒಲೆ?" ಎಂದು ಕೇಳಿದೆ. "ಆರ್ಸಿವ್ನಿ" ಎಂದ.

ಆಸ್ಪತ್ರೆಯಲ್ಲಿ ಕೂತಾಗ ನೆಲ ನೋಡಿಕೊಂಡು ಹೇಳಿದ: "ನಾನ್ ಕರೀಬಾರ್ದಾಗಿತ್ತು."

ನನಗೆ ಕೋಪವಿತ್ತು, ಅದು ನಿಜ. ಕರೆದದ್ದು ಅವನೇ ಎಂದು ರಾತ್ರಿಯೆಲ್ಲ ಅಂದುಕೊಂಡಿದ್ದೆ. ಆದರೆ ಆ ಪಂಚೆ, ತೊಡೆಯ ಮೇಲೆ ನಡುಗುತ್ತಿದ್ದ ಆ ಕೈ ನೋಡಿದ ಮೇಲೆ ಕೋಪ ಎಲ್ಲಿ ಹೋಯಿತೋ. "ಟವೆಲ್ ಎತ್ತಿದ್ದು ನನ್ ಕೈ ಕಣಪ್ಪ. ನೀನೇನ್ ಬಂದು ಒರ್ಸಿದ್ಯಾ?" ಎಂದೆ.

ಡಾಕ್ಟರ್ ನೋಡಿ, ಮುಚ್ಚಳದಲ್ಲಿ ಸುಕ್ಕು ಬಿದ್ದಿದೆ ಎಂದರು. ಮತ್ತೆ ಎತ್ತಿ, ತೊಳೆದು, ನೀವಿ ಕೂರಿಸಬೇಕು. "ನಿನ್ನೆಯೇ ಬಂದಿದ್ದರೆ ಇನ್ನೂ ಸುಲಭವಾಗ್ತಿತ್ತು. ಪೂರ್ತಿ ಮೊದಲಿನ ಹಾಗೆ ಆಗುತ್ತೆ ಅಂತ ನಾನು ಈಗ ಹೇಳಲಾರೆ" ಎಂದರು. ಅವರು ಕೂಗಾಡಲಿಲ್ಲ. ನಾನು ಏನು ಕೆಲಸ ಮಾಡುತ್ತೇನೆ, ಟವೆಲ್ ಹೇಗೆ ಬಂತು ಎಲ್ಲ ಕೇಳಿದರು. ಕೇಳಿ ಮುಗಿಸಿ, "ಇಂಥ ಕಾರಣ ನಾನು ಇಷ್ಟು ವರ್ಷದಲ್ಲಿ ಕೇಳಿರಲಿಲ್ಲ" ಎಂದು ನಕ್ಕುಬಿಟ್ಟರು. ಆ ನಗು ನನಗೆ ಹನಿ ಔಷಧಿಗಿಂತ ಹೆಚ್ಚು ಕೆಲಸ ಮಾಡಿತು.

ಅವತ್ತೇ ಸುಕ್ಕು ನೀವಿ, ಅದರ ಮೇಲೆ ಪಟ್ಟಿಯ ಬದಲು ಒಂದು ಮೆತ್ತನೆಯ ಲೆನ್ಸ್ ಇಟ್ಟು ಕಳಿಸಿದರು. ಮತ್ತೆ ಮಳವಳ್ಳಿ. ಈ ಸಲ ಕೈಯನ್ನೂ ನಂಬದೆ ಸವಿತ ನಾನು ಮಲಗಿದಾಗ ಎರಡು ಕೈಗೂ ಕಾಲುಚೀಲ ತೊಡಿಸುತ್ತಿದ್ದಳು. ಬೆಳಿಗ್ಗೆ ಎದ್ದು ಒಂದೊಂದೇ ಕಣ್ಣಿನಲ್ಲಿ ಎದುರು ಮನೆಯ ಬಾಗಿಲ ಮೇಲಿನ ಹೆಸರು ಓದುವುದು ನನ್ನ ಕೆಲಸ. ಎಡಗಣ್ಣಿಗೆ ಮೊದಲ ವಾರ ಅಕ್ಷರ ಇದೆ ಎನ್ನುವುದಷ್ಟೇ ಗೊತ್ತಾಗುತ್ತಿತ್ತು. ಎರಡನೇ ವಾರ ಅಕ್ಷರಗಳು ಬೇರೆ ಬೇರೆಯಾದವು. ಮೂರನೇ ವಾರ ಒಂದು ಬೆಳಿಗ್ಗೆ ಹೆಸರನ್ನು ಪೂರ್ತಿ ಓದಿದೆ. ಗೊತ್ತಿರುವ ಹೆಸರನ್ನು ಓದಿದ್ದು ಲೆಕ್ಕಕ್ಕಿಲ್ಲ ಎಂದು ಸವಿತ ಬೀದಿಯ ತುದಿಯ ಅಂಗಡಿಯ ಬೋರ್ಡು ಓದಿಸಿದಳು. ಅದನ್ನೂ ಓದಿದೆ.

ಈಗ ನನ್ನ ಬಲಗಣ್ಣು ಆಸ್ಪತ್ರೆಯ ಹಲಗೆಯ ಕೊನೆಯ ಸಾಲನ್ನು ಓದುತ್ತದೆ. ಎಡಗಣ್ಣು ಅದಕ್ಕಿಂತ ಎರಡು ಸಾಲು ಮೇಲೆ ನಿಂತುಕೊಳ್ಳುತ್ತದೆ, ಅದಕ್ಕೆ ಸಣ್ಣ ನಂಬರ್ ಉಳಿದಿದೆ. ಕತ್ತಲಾದ ಮೇಲೆ ಮದ್ದೂರಿನ ದೊಡ್ಡ ರಸ್ತೆಗೆ ಗಾಡಿ ತಂದರೆ ಎದುರು ಬರುವ ಲಾರಿ ದೀಪಕ್ಕೆಲ್ಲ ಸುತ್ತ ಬಳೆ ತೊಡಿಸಿದಂತೆ ಕಾಣುತ್ತದೆ. ಕಣ್ಣು ಒಣಗುತ್ತದೆ, ದಿನಕ್ಕೆ ನಾಲ್ಕು ಸಲ ಹನಿ ಹಾಕಿಕೊಳ್ಳಬೇಕು. ಫೋನ್ ಮಾಡಿದವರಿಗೆ ಇದನ್ನೆಲ್ಲ ಹೇಳುತ್ತೇನೆ. ಹೇಳಿ, ನನಗೆ ಇಷ್ಟು ಸಿಕ್ಕಿದ್ದೇ ಹೆಚ್ಚು ಎನ್ನುವುದನ್ನೂ ಹೇಳುತ್ತೇನೆ.

ಆದರೆ ಈ ಕಣ್ಣಿಗೆ ಪಾಕ ಸಿಗುತ್ತದೋ ಇಲ್ಲವೋ ಎನ್ನುವ ಅಪ್ಪನ ಅನುಮಾನ ಬಗೆಹರಿದಿರಲಿಲ್ಲ, ನನ್ನದೂ ಕೂಡ. ಮೂರು ತಿಂಗಳಾದ ಮೇಲೆ ಡಾಕ್ಟರ್, ಇನ್ನು ಕೆಲಸಕ್ಕೆ ಹೋಗಬಹುದು, ಟವೆಲ್ ಮಾತ್ರ ಮನೆಯಲ್ಲಿ ಬಿಟ್ಟು ಹೋಗಿ ಎಂದರು. ಆವಿ ಮುಖಕ್ಕೆ ಬರದಂತೆ ಸಿದ್ದಣ್ಣ ನನ್ನ ಬೆನ್ನ ಹಿಂದೆ ಒಂದು ಫ್ಯಾನ್ ನಿಲ್ಲಿಸಿದ. ನಾನು ನನ್ನ ಜಾಗದಲ್ಲಿ ನಿಂತೆ. ಅಪ್ಪ ಎದುರು ಕಡೆ ತನ್ನ ಜಾಗದಲ್ಲಿ ನಿಂತ.

ಪಾಕ ಕುದಿಯತೊಡಗಿತು. ನಾನು ನೋಡಿದೆ. ಮೊದಲೆಲ್ಲ ನನಗೆ ಅಲ್ಲಿ ಕಾಣುತ್ತಿದ್ದುದು ಮಂಜು ಹಿಡಿದ ಗಾಜಿನ ಹಿಂದೆ ಒಂದು ಹಳದಿ ಕಲೆ. ಈಗ ಒಂದೊಂದು ಗುಳ್ಳೆಯೂ ಕಾಣುತ್ತಿತ್ತು. ದೊಡ್ಡ ಗುಳ್ಳೆ, ಸಣ್ಣ ಗುಳ್ಳೆ, ಅಂಚಿನಲ್ಲಿ ಕೆಂಪು, ನಡುವೆ ಬಂಗಾರದ ಬಣ್ಣ, ಒಂದು ಒಡೆಯುತ್ತಿದ್ದಂತೆ ಇನ್ನೊಂದು. ಎಷ್ಟು ನೋಡಿದರೂ ಹದ ಬಂತೋ ಇಲ್ಲವೋ ತಿಳಿಯಲಿಲ್ಲ. ಹೊತ್ತು ಮೀರುತ್ತಿತ್ತು. ಕೊಪ್ಪರಿಗೆ ಇಳಿಸಲು ಆಳುಗಳು ಅದರ ಪಕ್ಕದ ಕಬ್ಬಿಣದ ಬಳೆ ಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಕಣ್ಣು ಬಂದು ಪಾಕ ಹೋಯಿತಲ್ಲ ಎಂದುಕೊಂಡೆ.

"ಏನ್ಲಾ?" ಎಂದ ಅಪ್ಪ.

"ಗೊತ್ತಾಯ್ತಿಲ್ಲ ಕಣಪ್ಪ."

"ಕಣ್ ಮುಚ್ಕೊ."

ಮುಚ್ಚಿಕೊಂಡೆ. ಮೊದಲು ಒಲೆಯ ಸದ್ದೇ ಕೇಳಿತು. ಆಮೇಲೆ ಅದರ ಮೇಲಿನಿಂದ ಪಾಕದ ಸದ್ದು ಬಂತು. ಸರಸರ ಎನ್ನುತ್ತಿದ್ದದ್ದು ನಿಧಾನವಾಗುತ್ತಾ, ದಪ್ಪವಾಗುತ್ತಾ, ಗುಬುಕ್ ಗುಬುಕ್ ಎನ್ನತೊಡಗಿತು. ಹಸಿ ಕಬ್ಬಿನ ವಾಸನೆ ಹೋಗಿ ಬೆಲ್ಲದ ವಾಸನೆ ಮೂಗಿಗೆ ಅಡರಿತು. ಇದೆಲ್ಲ ನನಗೆ ಗೊತ್ತಿತ್ತು. ಹದಿನೆಂಟು ವರ್ಷದಿಂದ ನಾನು ಮಾಡುತ್ತಿದ್ದುದು ಇದನ್ನೇ, ಕಣ್ಣಿನಿಂದ ಎಂದು ತಿಳಿದುಕೊಂಡಿದ್ದೆ, ಅಷ್ಟೆ.

"ಇಳ್ಸಿ" ಎಂದು ಹೇಳಿ ಕಣ್ಣು ಬಿಟ್ಟೆ.

ಫ್ಯಾನಿನ ಗಾಳಿಗೆ ಆವಿ ಒಂದು ಪಕ್ಕಕ್ಕೆ ಸರಿದಿತ್ತು. ಎದುರು ಕಡೆ ಅಪ್ಪ ನಿಂತಿದ್ದ. ಪಾಕ ಕಣ್ಣಿನ ಕೆಲಸ ಎಂದು ಊರಿಗೆಲ್ಲ ಹೇಳುತ್ತಿದ್ದ ಮನುಷ್ಯ ತಲೆಯನ್ನು ಒಂದು ಕಡೆಗೆ ವಾಲಿಸಿ, ಕಿವಿಯನ್ನು ಕೊಪ್ಪರಿಗೆಗೆ ಕೊಟ್ಟು, ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದ. ತುಟಿ ಅಲ್ಲಾಡುತ್ತಿತ್ತು. ಇಷ್ಟು ವರ್ಷ ಅವನು ನಿಲ್ಲುತ್ತಿದ್ದದ್ದು ಹೀಗೇ ಇರಬೇಕು. ನನಗೆ ಆವಿಯ ಆಚೆ ಒಂದು ಕಪ್ಪು ಆಕಾರ ಕಾಣುತ್ತಿತ್ತೇ ಹೊರತು ಮುಖ ಎಂದೂ ಕಂಡಿರಲಿಲ್ಲ.

ಆಳುಗಳು ಕೊಪ್ಪರಿಗೆ ಇಳಿಸಿದರು. ಅಪ್ಪ ಕಣ್ಣು ಬಿಟ್ಟು ನನ್ನನ್ನು ನೋಡಿದ.

"ಏನ್ಲಾ, ಅಂಗ್ ನೋಡ್ತಿದೀಯ?"

"ಏನಿಲ್ಲ ಕಣಪ್ಪ" ಎಂದೆ. "ನೀನ್ ಕಾಣ್ತಿದೀಯ."